ಎಡ ಸೀಟಿನ ಕೆಳಗಿನ ಬಿಸಿ

ತೀರಿಹೋದ ಗಂಡನೊಡನೆ ಅರ್ಧಕ್ಕೆ ನಿಂತ ಜಗಳವನ್ನು ಏನು ಮಾಡಬೇಕು ಎಂದು ಕಾನ್ವೆಂಟಿನಲ್ಲಿ ನಮಗೆ ಯಾರೂ ಕಲಿಸಲಿಲ್ಲ. ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕು, ಸೀನಿದ ಮೇಲೆ ಎಂತ ಹೇಳಬೇಕು, ಹಿರಿಯರ ಎದುರು ಕಾಲು ಹೇಗೆ ಇಟ್ಟುಕೊಳ್ಳಬೇಕು, ಇದನ್ನೆಲ್ಲ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದರು. ಈ ಪಾಠ ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಹಾಗಾಗಿ ಎಪ್ಪತ್ತನಾಲ್ಕರ ಈ ಪ್ರಾಯದಲ್ಲಿ ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ: ಲಾರೆನ್ಸ್ ಹೋಗಿ ಎಂಟು ತಿಂಗಳಾದರೂ ನಾನು ಅವರೊಡನೆ ವಾದಿಸುವುದನ್ನು ನಿಲ್ಲಿಸಿರಲಿಲ್ಲ. ವಿಷಯ ದೊಡ್ಡದಲ್ಲ. ನಮ್ಮ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ಎಡ ಸೀಟಿನವರ ಕಾಲ ಕೆಳಗೆ ನೆಲ ದೋಸೆಕಾವಲಿಯಂತೆ ಕಾಯುತ್ತದೆ ಎಂದು ನಾನು. ಅಲ್ಲಿ ಯಾವ ಬಿಸಿಯೂ ಇಲ್ಲ ಎಂದು ಅವರು. ಹತ್ತು ಹನ್ನೆರಡು ವರ್ಷ ನಡೆದ ಈ ಕೇಸಿನಲ್ಲಿ ತೀರ್ಪು ಬರುವ ಮೊದಲೇ ಎದುರು ಪಾರ್ಟಿ ಎದ್ದು ಹೋಗಿಬಿಟ್ಟರು.

ಲಾರೆನ್ಸ್ ಹಂಚಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ರಿಟೈರ್ ಆದ ಮೇಲೂ ಮನೆಯನ್ನು ಸ್ಟೋರ್ಸ್ ಎಂದೇ ತಿಳಿದಿದ್ದರು. ಮೊಳೆಯ ಡಬ್ಬಿಗೆ ಚೀಟಿ, ಹಗ್ಗದ ಸುರುಳಿಗೆ ಚೀಟಿ, ಯಾವುದಕ್ಕೂ ಆಗದ ಸಾಮಾನುಗಳ ಪೆಟ್ಟಿಗೆಗೆ "ಯಾವುದಕ್ಕೂ ಆಗದ್ದು" ಎಂಬ ಚೀಟಿ. ಜೀಪಿಗೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಅದರ ಕೆಳಗೆ ಚಾಪೆ ಹಾಸಿ ತಾವೇ ಮಲಗುತ್ತಿದ್ದರು. ನಾನು ಬಿಸಿ ಎಂದಾಗಲೆಲ್ಲ, "ನನಗೆ ಇಲ್ಲಿ ಏನೂ ಗೊತ್ತಾಗುವುದಿಲ್ಲ ಹಿಲ್ಡಾ. ಇಟ್ ಈಸ್ ಯುವರ್ ಸರ್ಕ್ಯುಲೇಶನ್," ಎನ್ನುತ್ತಿದ್ದರು. ಅಷ್ಟು ಮೆತ್ತಗೆ ಹೇಳುತ್ತಿದ್ದರು ಎಂದರೆ ನನಗೇ ಅನುಮಾನ ಬಂತು. ಡಾಕ್ಟರ್ ಸಕ್ಕರೆ ನೋಡಿದರು, ಥೈರಾಯ್ಡ್ ನೋಡಿದರು, ಪಾದದ ನರಕ್ಕೆಂದು ಗುಲಾಬಿ ಬಣ್ಣದ ಮಾತ್ರೆ ಕೊಟ್ಟರು. ಜೀಪಿಗೆ ಮಾಡಬೇಕಾದ ಟೆಸ್ಟುಗಳನ್ನೆಲ್ಲ ನನಗೆ ಮಾಡಿಸಿದ್ದಾಯಿತು. ಒಂದು ಆದಿತ್ಯವಾರ ಕಮ್ಯೂನಿಯನ್ ಸಾಲಿನಲ್ಲಿ ನಿಂತಿದ್ದಾಗ ಜೀಪಿನ ಬಿಸಿಗೆ ಗಮ್ಮು ಕರಗಿದ ನನ್ನ ಚಪ್ಪಲಿಯ ಸೋಲ್ ಮೊಸಳೆಯಂತೆ ಬಾಯಿ ತೆರೆಯಿತು. ನಾನು ಒಂದು ಕಾಲು ಎಳೆಯುತ್ತ ಫಾದರ್ ಎದುರು ಹೋಗಿ ನಿಂತೆ. ಅವರು ನನಗೆ ಪಾರ್ಶ್ವವಾಯು ಆಗಿದೆ ಎಂದುಕೊಂಡರೋ ಏನೋ, ವಿಶೇಷ ಕನಿಕರದಿಂದ ನೋಡಿದರು. ಲಾರೆನ್ಸ್ ಹೇಳಿದ್ದು ಒಂದೇ ಮಾತು: "ಚೀಪ್ ಚಪ್ಪಲಿ."

ಅವರು ಹೋದ ಮೇಲೆ ಡ್ರೈವರ್ ಸೀಟು ನನಗೆ ಬಂತು. ಎಡ ಸೀಟು ಗ್ರೆಟ್ಟಾಬಾಯಿಗೆ. ಅವರು ಲಾರೆನ್ಸರ ಅಕ್ಕ, ಕೊಂಕಣಿಯಲ್ಲಿ ನಮಗಿಬ್ಬರಿಗೂ 'ಬಾಯ್', ಎಂಬತ್ತೊಂದು ವರ್ಷ, ಮದುವೆಯಾಗದೆ ಟೀಚರಾಗಿ ದುಡಿದವರು. ಕುಲಶೇಖರದ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಮ್ಮೊಡನೆಯೇ ಇದ್ದಾರೆ. ಲಾರೆನ್ಸ್ ಅವರಿಗೆ ಲೊರ್ಸು. ಆ ತಮ್ಮ ತಪ್ಪು ಮಾಡಬಹುದು ಎಂಬುದನ್ನು ಅವರು ಒಪ್ಪುವವರಲ್ಲ. ಮೊದಲ ದಿನವೇ ನೋಡಿದೆ, ಕಾಲೆರಡನ್ನೂ ಎತ್ತಿ ತಮ್ಮ ದೊಡ್ಡ ಹ್ಯಾಂಡ್‌ಬ್ಯಾಗಿನ ಮೇಲೆ ಇಟ್ಟುಕೊಂಡು ಕೂತಿದ್ದರು.

"ಬಿಸಿ ಉಂಟಲ್ಲ ಬಾಯ್?" ಎಂದೆ.

"ಎಂತದ್ದು ಬಿಸಿ? ಇಲ್ಲಪ್ಪ."

"ಮತ್ತೆ ಕಾಲು ಯಾಕೆ ಮೇಲೆ?"

"ನನ್ನ ಬ್ಯಾಗು, ನನ್ನ ಕಾಲು. ನೀನು ರೋಡು ನೋಡು ಮಾರಾಯ್ತಿ."

ಆ ಬ್ಯಾಗನ್ನು ನೋಡಿದ ಮೇಲೆ ನನ್ನ ಹಠ ಏರಿತು. ನನಗೆ ಬೇಕಾಗಿದ್ದುದು ಜೀಪು ತಣ್ಣಗಾಗುವುದಲ್ಲ. ನಾನು ಹೇಳಿದ್ದು ನಿಜ, ಅದು ನನ್ನ ಪಾದದ ಭ್ರಮೆಯಲ್ಲ ಎಂದು ತಿಳಿದವರೊಬ್ಬರು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ ಕೂಡಲೇ ಸಿಮೆಟ್ರಿಗೆ ಹೋಗಿ ಲಾರೆನ್ಸರ ಸಮಾಧಿ ಕಲ್ಲಿನ ಎದುರು ನಿಂತು, "ಐ ಟೋಲ್ಡ್ ಯು, ಲಾರೆನ್ಸ್," ಎನ್ನಬೇಕು. ವಾಕ್ಯವನ್ನು ಬಚ್ಚಲಲ್ಲಿ ಪ್ರಾಕ್ಟೀಸ್ ಕೂಡ ಮಾಡಿದ್ದೆ.

ಕೊಟ್ಟಾರದ ಹತ್ತಿರ ಸದಾನಂದನ ವರ್ಕ್‌ಶಾಪ್ ಉಂಟು. ಹಳೆಯ ಜೀಪುಗಳ ನಾಡಿ ತಿಳಿದವನು. ಅವನು ನನ್ನ ಮಾತನ್ನು ಪೂರ್ತಿ ಕೇಳಿದ, ನಡುವೆ ಬಾಯಿ ಹಾಕಲಿಲ್ಲ. ಅಷ್ಟಕ್ಕೇ ನನ್ನ ಕಣ್ಣು ಒದ್ದೆಯಾಯಿತು. "ಮೊದಲು ಬಿಸಿ ಆಗುವುದು ಹಿಮ್ಮಡಿಗಾ, ಬೆರಳಿಗಾ ಬಾಯಮ್ಮ? ಏರು ಹತ್ತುವಾಗ ಹೆಚ್ಚಾ, ಸಿಗ್ನಲಿನಲ್ಲಿ ನಿಂತಾಗ ಹೆಚ್ಚಾ?" ಎಂದು ಕೇಳಿದ. ಪಾದದ ಡಾಕ್ಟರ್ ಇಷ್ಟು ಕೇಳಿರಲಿಲ್ಲ. ನನ್ನನ್ನು ಎಡ ಸೀಟಿನಲ್ಲಿ ಕೂರಿಸಿಕೊಂಡು ಕೂಳೂರು ಸೇತುವೆಯ ತನಕ ಓಡಿಸಿದ. ತಿರುಗಿ ಬರುವಾಗ ಬಗ್ಗಿ ಎಡಗೈಯನ್ನು ನನ್ನ ಪಾದದ ಬಳಿ ನೆಲಕ್ಕೆ ತಾಗಿಸಿದ, ಥಟ್ಟನೆ ಎತ್ತಿಕೊಂಡ. "ಅಯ್ಯೋ, ಇದರಲ್ಲಿ ಮೀನು ಹುರಿಯಬಹುದು," ಎಂದ. ಸಾಕ್ಷಿ ಸಿಕ್ಕಿತ್ತು. ಆ ಕ್ಷಣವೇ ನಾನು ಸಿಮೆಟ್ರಿಗೆ ಹೊರಡಬೇಕಿತ್ತು. ಗೆದ್ದವರು ಅಲ್ಲಿಗೇ ಎದ್ದು ಹೋಗಬೇಕು, ಕಾರಣ ಕೇಳುತ್ತ ಕೂರಬಾರದು.

ನಾನು ಕೂತೆ. ಸದಾನಂದ ಬಾನೆಟ್ ತೆರೆದು ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಮುಟ್ಟಿ ನೋಡಿದ. ಎರಡೂ ತಣ್ಣಗಿದ್ದವು, ಹಾಗಾಗಿ ಹೀಟರಿನ ತಪ್ಪಲ್ಲ. ಗೇರ್ ಲಿವರಿನ ಬುಡದ ರಬ್ಬರು ಹರಿದಿದ್ದರೆ ಎಂಜಿನ್ನಿನ ಬಿಸಿಗಾಳಿ ಒಳಗೆ ಬರುತ್ತದಂತೆ. ಅದೂ ಗಟ್ಟಿಯಾಗಿತ್ತು. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಹೊಗೆ ಸೋರುತ್ತದೋ ಎಂದು ನೋಡಿದ. ಇಲ್ಲ. ಕೊನೆಗೆ ಕೆಳಗೆ ನುಗ್ಗಿದ. ಬಹಳ ಹೊತ್ತು ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಆಮೇಲೆ ಧ್ವನಿ ಬಂತು.

"ಬಾಯಮ್ಮ, ಸೈಲೆನ್ಸರ್ ಪೈಪಿನ ಮೇಲೆ ಒಂದು ತಗಡಿನ ಪ್ಲೇಟು ಇರಬೇಕು, ಬಿಸಿ ತಡೆಯಲಿಕ್ಕೆ. ಅದು ಇಲ್ಲ."

"ಬಿದ್ದು ಹೋಯ್ತಾ?"

"ಬಿದ್ದದ್ದಲ್ಲ. ಬಿಚ್ಚಿದ್ದು. ನಾಲ್ಕು ಬೋಲ್ಟನ್ನೂ ಗ್ರೀಸ್ ಹಾಕಿ ವಾಪಸ್ ಅದರ ಜಾಗದಲ್ಲೇ ಕೂರಿಸಿದ್ದಾರೆ. ಇಷ್ಟು ಚಂದ ಕೆಲಸ ನಾವು ಮಾಡುವುದಿಲ್ಲ. ಪೊರ್ಬುಗಳೇ, ನಿಮ್ಮ ಯಜಮಾನರೇ ಮಾಡಿದ್ದು." ಹೊರಗೆ ಬಂದು ಕೈ ಒರೆಸಿಕೊಂಡ. "ಮೊದಲು ಎಂತಾದರೂ ಸೌಂಡ್ ಬರ್ತಿತ್ತಾ? ಈ ಪ್ಲೇಟು ಲೂಸ್ ಆದರೆ ಟಿಣಿಟಿಣಿ ಅಂತ ತಲೆ ತಿಂತದೆ. ಕೆಲವರು ಬೇಜಾರಾಗಿ ಬಿಚ್ಚಿಸ್ತಾರೆ."

ಸೌಂಡ್ ಬರುತ್ತಿತ್ತು. ಸ್ಟೀಲ್ ಲೋಟದಲ್ಲಿ ಚಮಚ ಅಲ್ಲಾಡಿಸಿದ ಹಾಗೆ, ಎಷ್ಟೋ ವರ್ಷಗಳ ಹಿಂದೆ. ನನ್ನ ತಂಗಿಯ ಮಗಳ ರೋಸಿಗೆ ಹೋಗುತ್ತಿದ್ದೆವು. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಆ ಶಾಸ್ತ್ರಕ್ಕೆ ನಾನು ಹೊಸ ಸೀರೆ ಉಟ್ಟು ಹೊರಟಿದ್ದೆ, ತಲೆ ಸಿಡಿಯುತ್ತಿತ್ತು. "ಈ ಶಬ್ದ ಇಳಿಯಬೇಕು, ಇಲ್ಲ ನಾನು ಇಳಿಯಬೇಕು. ಡಿಸೈಡ್, ಲಾರೆನ್ಸ್," ಎಂದಿದ್ದೆ. ಮಾರನೆಯ ವಾರ ಅವರು ಮೊಣಕೈ ತನಕ ಕಪ್ಪಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೋ ಮೋರ್ ನಾಯ್ಸ್, ಮೇಡಮ್," ಎಂದರು. ನಾನು ಒಲೆಯಿಂದ ತಲೆ ಎತ್ತದೆ, "ನೋಡುವ," ಎಂದೆ. ಹೇಗೆ ಮಾಡಿದಿರಿ ಎಂದು ಕೇಳಲಿಲ್ಲ. ಪಾದ ಸುಡತೊಡಗಿದ್ದು ಆ ಮೇಲೆಯೇ. ಎರಡಕ್ಕೂ ಸಂಬಂಧ ಉಂಟೆಂದು ನನಗೆ ಹೊಳೆದದ್ದು ಸದಾನಂದನ ವರ್ಕ್‌ಶಾಪಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಮನೆಗೆ ಬಂದು ಅವರ ಶೆಡ್ಡು ತೆರೆದೆ. ಎಂಟು ತಿಂಗಳಲ್ಲಿ ಅದೇ ಮೊದಲ ಸಲ. ಹುಡುಕುವುದು ಕಷ್ಟವಾಗಲಿಲ್ಲ. ಮೇಲಿನ ಹಲಗೆಯಲ್ಲಿ ಆ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ, ಹಗ್ಗ ಕಟ್ಟಿ ಇಟ್ಟಿದ್ದರು. ಮೇಲೆ ಅವರ ದುಂಡು ಅಕ್ಷರದ ಚೀಟಿ: "ಹಿಲ್ಡಾಸ್ ನಾಯ್ಸ್." ಹಿಲ್ಡಾಳ ಗಲಾಟೆ. ನಾನು ಅಲ್ಲೇ ಮೊಳೆಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಗು ಬಂದದ್ದೂ ಹೌದು. ನಗುವಿನ ಹಿಂದೆಯೇ ಬಂದದ್ದನ್ನು ತಡೆಯಲಿಕ್ಕೆ ಸೆರಗು ಬೇಕಾಯಿತು.

ಗ್ರೆಟ್ಟಾಬಾಯಿ ಬಾಗಿಲಲ್ಲಿ ಬಂದು ನಿಂತರು. ನನ್ನ ಮಡಿಲಿನ ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು.

"ಸಿಕ್ಕಿತಾ?" ಎಂದರು.

"ನಿಮಗೆ ಗೊತ್ತಿತ್ತಾ ಬಾಯ್?"

"ಗೊತ್ತಿಲ್ಲದೆ ಎಂತ. ನೀನು ಬಿಸಿ ಅಂದ ದಿನವೇ ಲೊರ್ಸು ನನ್ನ ಹತ್ತಿರ ಬಂದ. ಪ್ಲೇಟು ಹಾಕಿದರೆ ಹಿಲ್ಡಾಳಿಗೆ ತಲೆನೋವು, ಬಿಚ್ಚಿದರೆ ಕಾಲುನೋವು, ಎಂತ ಮಾಡುವುದು ಬಾಯ್ ಅಂತ ಕೇಳಿದ. ನಾನೇ ಹೇಳಿದ್ದು, ಸುಮ್ಮನಿರು, ಅವಳಿಗೆ ಗೊತ್ತಾದರೆ ಎರಡಕ್ಕೂ ಬಯ್ತಾಳೆ, ಹೀಗಾದರೆ ಒಂದಕ್ಕೇ." ಚೀಟಿಯ ಅಕ್ಷರವನ್ನು ಬೆರಳಿನಿಂದ ಸವರಿ ಸೇರಿಸಿದರು. "ನೀನು ಆ ಮಾತ್ರೆ ತಗೊಳ್ಳುವುದು ನೋಡಿ ಅವನಿಗೆ ಬೇಜಾರಿತ್ತು. ಹೇಳ್ತೇನೆ ಹೇಳ್ತೇನೆ ಅಂತಿದ್ದ. ನೀನು ಒಂದು ದಿನ ಒಳ್ಳೆ ಮೂಡಿನಲ್ಲಿ ಇರುವಾಗ ಹೇಳ್ತೇನೆ ಅಂತ."

ಹತ್ತು ಹನ್ನೆರಡು ವರ್ಷ ಅಂಥ ಒಂದು ದಿನಕ್ಕೆ ಅವರು ಕಾದಿದ್ದರು. ನಾನು ಅಷ್ಟೊಂದು ಕೆಟ್ಟವಳೇ ಎಂದು ಗ್ರೆಟ್ಟಾಬಾಯಿಯನ್ನು ಕೇಳಬೇಕೆಂದಿದ್ದೆ, ಉತ್ತರಕ್ಕೆ ಹೆದರಿ ಕೇಳಲಿಲ್ಲ. ಸಿಮೆಟ್ರಿಯಲ್ಲಿ ಹೇಳಬೇಕಿದ್ದ ವಾಕ್ಯವನ್ನು ಹೇಳದೇ ಬಿಟ್ಟೆ.

ಮರುದಿನ ಸದಾನಂದ ಪ್ಲೇಟನ್ನು ಕೂರಿಸಿದ. ಬೋಲ್ಟು ಹಾಕುವ ಅದರ ಒಂದು ಕಿವಿ ಬಿರುಕು ಬಿಟ್ಟಿತ್ತು. "ಸಣ್ಣ ವೆಲ್ಡಿಂಗ್ ಮಾಡಿದರೆ ಸೌಂಡ್ ಬರುವುದಿಲ್ಲ. ಮಾಡಲಾ ಬಾಯಮ್ಮ?" ಎಂದು ಕೇಳಿದ. ಇಷ್ಟು ವರ್ಷ ನಾವು ಮೂವರು ಪಟ್ಟ ಪಾಡಿಗೆಲ್ಲ ಅಷ್ಟೇ ಮದ್ದು ಸಾಕಿತ್ತಂತೆ, ಹತ್ತು ನಿಮಿಷದ ಕೆಲಸ. ನಾನು ಬೇಡ, ಆ ಗಲಾಟೆ ಹಾಗೆಯೇ ಇರಲಿ ಎಂದೆ. ಅವನು ನನ್ನ ಮುಖ ನೋಡಿ ಸ್ಪ್ಯಾನರ್ ಎತ್ತಿಕೊಂಡ.

ಆದಿತ್ಯವಾರ ಪೂಜೆಗೆಂದು ಇಗರ್ಜಿಗೆ ಹೊರಟೆವು. ಗ್ರೆಟ್ಟಾಬಾಯಿ ಬ್ಯಾಗನ್ನು ಮಡಿಲಿಗೆ ತೆಗೆದುಕೊಂಡು, ಎರಡೂ ಕಾಲನ್ನು ನೆಲಕ್ಕೆ ಊರಿ, "ತಂಪುಂಟು," ಎಂದು ಒಪ್ಪಿದರು. ತಿರುವಿನಲ್ಲಿ ಬಸ್ಸುಗಳು ಅಡ್ಡ ನಿಂತಿದ್ದರಿಂದ ಜೀಪು ನಿಲ್ಲಿಸಬೇಕಾಯಿತು. ನಿಂತಾಗಲೇ ಅದು ಶುರುವಾಗುವುದು.

"ಎಂತದೋ ಟಿಣಿಟಿಣಿ ಅಂತದಲ್ಲ ಹಿಲ್ಡಾ?"

"ಎಂತದೂ ಇಲ್ಲ ಬಾಯ್," ಎಂದೆ ಮೆತ್ತಗೆ. "ನಿಮ್ಮ ಕಿವಿ."

ಅವರು ನನ್ನನ್ನೇ ನೋಡಿದರು. ಮುಂದಿನ ಬಸ್ಸು ಯಾವಾಗಲೋ ಹೋಗಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಆ ಟಿಣಿಟಿಣಿ ಕೇಳುತ್ತ ನಾನು ಇನ್ನೂ ಸ್ವಲ್ಪ ಹೊತ್ತು ಗೇರ್ ಹಾಕಲಿಲ್ಲ.