ಬ್ರಾಕೆಟ್ ಹಾಕಿ ಕರೆದರೆ ಮುನಿಸಿಕೊಳ್ಳುವ ಗೆಟರ್ ಅವರಿಗೆ

ಜಾವಾಸ್ಕ್ರಿಪ್ಟ್ ಎಂಬ ದೊಡ್ಡ ಊರಿನಲ್ಲಿ, ಆಬ್ಜೆಕ್ಟ್ ಎಂಬ ಮನೆಯೊಳಗೆ ಕೂತು, ಕೇಳಿದ ತಕ್ಷಣ ಲೆಕ್ಕ ಒಪ್ಪಿಸುವ ಮಾನ್ಯ ಗೆಟರ್ ಅವರೇ,

ಜರಗನಹಳ್ಳಿಯ ದೋಸೆ ಹಿಟ್ಟಿನ ಅಂಗಡಿಯಿಂದ ಲತಾಮಣಿ ಮಾಡುವ ನಮಸ್ಕಾರಗಳು. ಇಲ್ಲಿ ನಾನು, ಅಂಗಡಿಯ ಯಜಮಾನಿಯಾದ ನನ್ನ ಸೋದರತ್ತೆ ಮಂಗಮ್ಮ ಮತ್ತು ನಮ್ಮ ಗ್ರೈಂಡರ್ ಮೂವರೂ ಕ್ಷೇಮ. ಎದುರಿಗೆ ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲವಾದ್ದರಿಂದಲೂ, ತಮ್ಮ ವಿಳಾಸ ಪೋಸ್ಟ್‌ಮ್ಯಾನ್‌ಗೂ ಗೊತ್ತಿಲ್ಲವಾದ್ದರಿಂದಲೂ, ಎಲ್ಲರೂ ಓದುವ ಹಾಗೆ ಈ ಪತ್ರ ಬರೆಯಬೇಕಾಗಿ ಬಂದಿದೆ. ಕ್ಷಮಿಸಬೇಕು.

ನಾನು ಭಾನುವಾರಗಳಂದು ಜಯನಗರದ ಒಂದು ಮಹಡಿ ಕೋಣೆಯಲ್ಲಿ ದಿವ್ಯ ಮೇಡಂ ನಡೆಸುವ ಕೋಡಿಂಗ್ ಕ್ಲಾಸಿಗೆ ಹೋಗುತ್ತೇನೆ. ಅಲ್ಲಿ ಕಲಿತ ಧೈರ್ಯದಿಂದ ಅತ್ತೆಗಾಗಿ ಫೋನಿನಲ್ಲೊಂದು ಬೋರ್ಡು ಮಾಡಿದೆ. ಅದರಲ್ಲಿ ‘ಅಂಗಡಿ’ ಎಂಬ ಒಂದು ಆಬ್ಜೆಕ್ಟು. ಅದರೊಳಗೆ ‘ಮಾರು’ ಎಂಬ ಒಬ್ಬ ಮೆಥಡ್ಡು; ಅತ್ತೆ ಬಟನ್ ಒತ್ತಿದಾಗಲೆಲ್ಲ ಒಂದು ಪ್ಯಾಕೆಟ್ ಕಳೆಯುವುದು ಅವನ ಕೆಲಸ. ಜೊತೆಗೆ ‘ಉಳಿದದ್ದು’ ಎಂಬ ಹೆಸರಿನಲ್ಲಿ ತಾವು. ಇನ್ನೆಷ್ಟು ಪ್ಯಾಕೆಟ್ ಇದೆ ಎಂದು ಬೀದಿಗೆ ಕಾಣುವಂತೆ ಹೇಳುವುದು ತಮ್ಮ ಕೆಲಸ.

ಮೆಥಡ್ಡಿನಿಂದ ಕೆಲಸ ಮಾಡಿಸಬೇಕಾದರೆ ಹೆಸರಾದ ಮೇಲೆ ಎರಡು ಬಾಗಿದ ಗೆರೆ, ಅಂದರೆ ಬ್ರಾಕೆಟ್ಟು, ಹಾಕಬೇಕೆಂದು ಮೇಡಂ ಹೇಳಿದ್ದರು. ನಮ್ಮ ಬೀದಿಯಲ್ಲಿ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಹೆಸರಿನ ಹಿಂದೆ ಅಕ್ಕ, ಅಣ್ಣ, ಅಂಕಲ್ ಎಂದು ಏನಾದರೊಂದು ಇರಲೇಬೇಕು. ಇದೂ ಅಂಥದ್ದೇ ಮರ್ಯಾದೆಯಿರಬೇಕೆಂದುಕೊಂಡು, ಕೂಲಿ ಮಾಡುವ ಮೆಥಡ್ಡಿಗೇ ಬ್ರಾಕೆಟ್ ಇರುವಾಗ ಲೆಕ್ಕ ಹೇಳುವ ಹಿರಿಯರಿಗೆ ಇಲ್ಲದಿದ್ದರೆ ಹೇಗೆ ಎಂದು ತಮ್ಮ ಹೆಸರಿಗೂ ಒಂದು ಜೊತೆ ಹಾಕಿದೆ. ತಾವಾದರೋ ‘ನಾಟ್ ಎ ಫಂಕ್ಷನ್’ ಎಂದು ಕೆಂಪಕ್ಷರದಲ್ಲಿ ಗದರಿ, ಬೋರ್ಡನ್ನೇ ಖಾಲಿ ಬಿಟ್ಟು ಹೊರಟುಹೋದಿರಿ. ಮರ್ಯಾದೆ ಕೊಟ್ಟಿದ್ದಕ್ಕೆ ಇಷ್ಟು ಸಿಟ್ಟಾಗುವವರನ್ನು ನಾನು ಈ ಮೊದಲು ನೋಡಿರಲಿಲ್ಲ.

ಹೆದರಿ, ಕರೆದ ಕಡೆಯಲ್ಲೆಲ್ಲ ಒಂದೂ ಬಿಡದೆ ಬ್ರಾಕೆಟ್ ಅಳಿಸಿದೆ. ಶನಿವಾರ ಬೆಳಿಗ್ಗೆ ತಾವು ಪ್ರಸನ್ನರಾಗಿ ‘40’ ಎಂದು ಹೊಳೆದಿರಿ. ಆದರೆ ಬ್ರಾಕೆಟ್ ಕಳೆದುಕೊಂಡ ಮೆಥಡ್ಡು ಬೈಯಲೂ ಇಲ್ಲ, ಕೆಲಸ ಮಾಡಲೂ ಇಲ್ಲ. ಅತ್ತೆ ಹಿಟ್ಟಿನ ಬೆರಳಿನಲ್ಲಿ ಎಷ್ಟು ಸಲ ಒತ್ತಿದರೂ ಸುಮ್ಮನೆ ಕೂತುಬಿಟ್ಟ. ಒಂಬತ್ತು ಗಂಟೆಗೆ ಹಿಟ್ಟು ಮುಗಿದರೂ ಬೋರ್ಡಿನಲ್ಲಿ ನಲವತ್ತು. ಅದನ್ನು ನಂಬಿದ ಜನ ಪಕ್ಕದ ಸಲೂನ್‌ವರೆಗೆ ಸಾಲು ನಿಂತರು. ಮುಂದೆ ನಿಂತಿದ್ದ ಎದುರುಮನೆಯ ಕೆಂಪಕ್ಕ, “ಏನಮ್ಮಾ, ನಿನ್ ಫೋನಲ್ಲಿರೋ ಹಿಟ್ಟನ್ನೇ ಕಾವಲಿಗೆ ಹುಯ್ಕೊಳ್ಲಾ?” ಎಂದಾಗ ನಾನು ಗ್ರೈಂಡರ್ ಹಿಂದೆ ಕೂತವಳು ಸಾಲು ಕರಗುವ ತನಕ ಏಳಲಿಲ್ಲ.

ಆಮೇಲೆ ಅತ್ತೆ ತೀರ್ಪು ಕೊಟ್ಟರು: “ನಾಳೆ ಒಂದಿನ ಹೋಗ್ಬಾ. ಮುಂದಿನ್ ಶನಿವಾರ ಇದು ನೆಟ್ಟಗೆ ತೋರಿಸ್ಲಿಲ್ಲ ಅಂದ್ರೆ ಕ್ಲಾಸು ಮರ್ತ್‌ಬಿಡು. ಭಾನುವಾರಾನೂ ಉದ್ದು ನೆನೆಹಾಕೋಕೆ ಕೂತ್ಕೋ.”

ವಾರಕ್ಕೊಂದು ದಿನ ನಾನು ಉದ್ದಿನ ಮುಖ ನೋಡದೆ ಇರುವುದು ಆ ಕ್ಲಾಸಿನಿಂದ. ಆದರೂ ಎಲ್ಲರ ಮುಂದೆ ಕೈ ಎತ್ತಲು ಆಗದೆ, ನನ್ನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಡಂ ನೀರಿನ ಬಾಟಲಿಯ ಕೆಳಗಿಟ್ಟು ಬಂದು ನನ್ನ ಜಾಗದಲ್ಲಿ ಕೂತೆ. ಅವರು ಓದಿ ನಕ್ಕು, “ಬ್ರಾಕೆಟ್ಟು ಮರ್ಯಾದೆ ಅಲ್ಲ ಕಣ್ರೀ, ಕೆಲಸ ಶುರು ಮಾಡು ಅನ್ನೋದು. ಮೆಥಡ್‌ನ ಹಾಗೇ ಕರೀಬೇಕು. ಗೆಟರ್‌ನ ಹೆಸರು ಹೇಳಿದ್ರೆ ಸಾಕು, ತಾನೇ ಲೆಕ್ಕ ಹಾಕಿ ಹೇಳುತ್ತೆ” ಎಂದರು. ಹಾಗೆಯೇ ಮಾಡಿದೆ. ಮೊನ್ನೆಯ ಶನಿವಾರ ಒತ್ತಿದಂತೆಲ್ಲ ಮೂವತ್ತೊಂಬತ್ತು, ಮೂವತ್ತೆಂಟು ಎಂದು ತಾವು ಇಳಿದ ಚಂದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ನನ್ನ ನಿಜವಾದ ದೂರು ಶುರುವಾಗುವುದು ಇಲ್ಲಿಂದ.

ಒಂಬತ್ತೂಕಾಲಿಗೆ ಅತ್ತೆ ಎಂದಿನಂತೆ “ಮುಗೀತು, ಮುಗೀತು” ಎಂದು ಕೂಗಿದರು. ತಾವು ಮಾತ್ರ ‘2’ ಎಂದು ಹೊಳೆಯುತ್ತಲೇ ಇದ್ದಿರಿ. ನಮ್ಮ ಮನೆ ಓನರ್ ತಿಮ್ಮರಾಯಪ್ಪನವರಿಗಾಗಿ ಅತ್ತೆ ಪ್ರತಿ ಶನಿವಾರ ಎರಡು ಪ್ಯಾಕೆಟ್ ಫ್ರಿಜ್ಜಿನ ಕೆಳಖಾನೆಯಲ್ಲಿ, ಕೊತ್ತಂಬರಿ ಸೊಪ್ಪಿನ ಹಿಂದೆ ಮುಚ್ಚಿಡುತ್ತಾರೆಂಬುದು ಹದಿನಾಲ್ಕು ವರ್ಷದಿಂದ ಯಾರಿಗೂ ಗೊತ್ತಿರಲಿಲ್ಲ. ಕೆಂಪಕ್ಕ ಸೊಂಟದ ಮೇಲೆ ಕೈಯಿಟ್ಟು, “ಇನ್ನೂ ಎರಡೈತಲ್ಲ ಮಂಗಮ್ಮಾ! ಫೋನ್ ಸುಳ್ಳಾ, ನೀನ್ ಸುಳ್ಳಾ?” ಎಂದರು. ಅತ್ತೆ ಕೊತ್ತಂಬರಿ ಸರಿಸಿದರು. ಅಂದು ಓನರ್ ಮನೆಯಲ್ಲಿ ಉಪ್ಪಿಟ್ಟಾಯಿತು. ಮೋಟರ್ ಸ್ವಿಚ್ಚು ಅವರ ಕೈಯಲ್ಲೇ ಇರುವುದರಿಂದ ನಮ್ಮ ಮನೆಯ ನಲ್ಲಿಗೆ ನೀರು ಮಧ್ಯಾಹ್ನದ ಮೇಲೆ ಬಂತು.

ತಮ್ಮ ಸತ್ಯಸಂಧತೆಯನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮನ್ನು ನೀರಿನ ಟ್ಯಾಂಕರ್ ಲಾರಿಯಲ್ಲಿ ಕೂರಿಸಿದ್ದರೆ, ಎಲ್ಲಿದ್ದೀರಿ ಎಂದು ಕೇಳಿದಾಗ “ಬಂದೇಬಿಟ್ಟೆ ಅಕ್ಕಾ” ಎನ್ನದೆ, ಇನ್ನೂ ಹೊರಟೇ ಇಲ್ಲ ಎಂದು ಹೇಳುತ್ತಿದ್ದಿರಿ. ಆದರೆ ಹಿಟ್ಟಿನ ಅಂಗಡಿಗೆ ಇಷ್ಟೊಂದು ಸತ್ಯ ಹೆಚ್ಚಾಗುತ್ತದೆ. ಆದ್ದರಿಂದ ತಾವು ದಯಮಾಡಿ ಕನಕಪುರ ರಸ್ತೆಯ ಬಸ್ಸು ಹತ್ತಿ ಒಮ್ಮೆ ಇಲ್ಲಿಗೆ ಬಂದು, ಪ್ರಶ್ನೆ ಕೇಳುತ್ತಿರುವವರ ಮುಖ ನೋಡಿಕೊಂಡು ಉತ್ತರ ಕೊಡುವುದನ್ನು ಅಭ್ಯಾಸ ಮಾಡಬೇಕು: ಕೆಂಪಕ್ಕನಿಗೆ ಸೊನ್ನೆ, ಓನರ್‌ಗೆ ಎರಡು, ಅತ್ತೆಗೆ ಅವರ ಮನಸ್ಸಿನಲ್ಲಿರುವಷ್ಟು. ಸಾಧ್ಯವಾದರೆ ಹಬ್ಬದ ದಿನವಾದರೂ ನನ್ನಿಂದ ಒಂದು ಜೊತೆ ಬ್ರಾಕೆಟ್ ಸ್ವೀಕರಿಸಬೇಕು. ಕೊಟ್ಟ ಮರ್ಯಾದೆ ವಾಪಸ್ಸು ಬಂದರೆ ಮನಸ್ಸಿಗೆ ಕಸಿವಿಸಿ.

ಇನ್ನು ನನ್ನ ಭಾನುವಾರದ ವಿಷಯ. ನೀರು ಬಂದ ಮೇಲೆ ಅತ್ತೆ ಕೈ ತೊಳೆದುಕೊಂಡು ಹೀಗೆಂದರು: “ಕ್ಲಾಸ್ ಬಿಟ್ಟೀಯಾ ಮತ್ತೆ! ತಪ್ಪದೆ ಹೋಗು. ಎರಡು ಕಮ್ಮಿ ಹೇಳೋದು ಹೆಂಗೆ ಅಂತ ಇದಕ್ಕೆ ಕಲಿಸೋವರ್ಗೂ ಹೋಗ್ತಾನೇ ಇರು.” ಅದನ್ನು ಕಲಿಸಲು ಒಂದೇ ಸಾಲು ಕೋಡ್ ಸಾಕೆಂದು ನನಗೆ ಗೊತ್ತಾಗಿದೆ. ಅತ್ತೆಗೆ ಹೇಳಿಲ್ಲ. ತಾವೂ ಹೇಳಬಾರದು.

ಇಂತಿ, ಬ್ರಾಕೆಟ್ ಮನಸ್ಸಿನಲ್ಲೇ ಇಟ್ಟುಕೊಂಡಿರುವ ತಮ್ಮ ವಿಶ್ವಾಸಿ,
ಲತಾಮಣಿ

ತಾ.ಕ.: ಬರೀ ಹೆಸರಿನಿಂದ ಕರೆದರೆ ಮಾತ್ರ ತಾವು ಓಗೊಡುತ್ತೀರೆಂದು ಅತ್ತೆಗೆ ತಿಳಿಸಿದ್ದೇನೆ. ಅವರು ಶನಿವಾರದಿಂದ ತಮ್ಮನ್ನು ಒಂದು ಹೆಸರಿನಿಂದ ಕರೆಯುತ್ತಲೇ ಇದ್ದಾರೆ. ಅದು ಬಹಿರಂಗ ಪತ್ರದಲ್ಲಿ ಬರೆಯುವಂಥದ್ದಲ್ಲ.