ಪಟೇಲರು ಬಾಯಿ ತೆರೆದದ್ದು

ಅರ್ಧ ಓದಿದ ಪುಸ್ತಕ ಮನುಷ್ಯನಿಗೆ ಮಾಡುವಷ್ಟು ಹಾನಿಯನ್ನು ಓದದೆ ಬಿಟ್ಟ ಪುಸ್ತಕ ಮಾಡುವುದಿಲ್ಲ. ಓದದವನು ತನಗೇನೂ ಗೊತ್ತಿಲ್ಲವೆಂದು ತೆಪ್ಪಗಿರುತ್ತಾನೆ. ಅರ್ಧ ಓದಿದವನು ಮರುದಿನವೇ ನಾಲ್ಕು ಜನರಿಗೆ ಬುದ್ಧಿ ಹೇಳಲು ಹೊರಡುತ್ತಾನೆ. ನಾನು ಈ ಎರಡನೆಯ ಗುಂಪಿನವನು. ಆದರೆ ತಪ್ಪು ಪೂರ್ತಿ ನನ್ನದಲ್ಲ. ಡ್ರಾಯಿಂಗ್ ಪರೀಕ್ಷೆಗೆಂದು ಮಂಗಳೂರಿಗೆ ಹೋದಾಗ ಹಳೆ ಪುಸ್ತಕಗಳ ರಾಶಿಯಿಂದ ನಾನು ಹೆಕ್ಕಿ ತಂದ ಆ ಪುಸ್ತಕದ ಉಳಿದರ್ಧವನ್ನು ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿತ್ತು.

ಆಗ ನಾನು ಪುತ್ತೂರಿನಿಂದ ಹತ್ತು ಮೈಲು ದೂರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರು. ರಾಜ್ಯ ಒಂದಾಗಿ ಇನ್ನೂ ಹೆಚ್ಚು ಸಮಯವಾಗಿರಲಿಲ್ಲ. ಮದರಾಸಿಗೆ ಅರ್ಜಿ ಬರೆದು ಪಳಗಿದ ಕೈಗಳೆಲ್ಲ ಮೈಸೂರಿನವರಿಗೆ ಬರೆಯುವುದು ಹೇಗೆಂದು ಕಲಿಯುತ್ತಿದ್ದ ಕಾಲ. ನನ್ನ ಕೆಲಸ ತಾತ್ಕಾಲಿಕ. ಮಾರ್ಚ್ ಕೊನೆಗೆ ನನ್ನನ್ನು ಬಿಡಿಸಿ ಸುಳ್ಯದ ಮನೆಗೆ ಕಳುಹಿಸುತ್ತಿದ್ದರು, ಜೂನ್ ತಿಂಗಳಲ್ಲಿ ಮನಸ್ಸು ಬಂದರೆ ಮತ್ತೆ ಕರೆಯುತ್ತಿದ್ದರು. ಹೀಗೆ ನಾಲ್ಕು ವರ್ಷ. ಊರಲ್ಲಿ ಹೆಣ್ಣು ಕೊಡಲು ಬಂದವರೂ, "ಮಾಸ್ಟ್ರು ಒಳ್ಳೆಯವರೇ, ಆದರೆ ಏಪ್ರಿಲ್ ಮೇ ಎಂತ ಮಾಡುದು?" ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಮುನ್ನೂರು ವರ್ಷ ಹಿಂದೆ ಇಟಲಿಯ ಕಡೆ ಕೆತ್ತಿದ ಶಿಲ್ಪಗಳ ಚಿತ್ರಗಳು ಅದರಲ್ಲಿದ್ದವು. ಆ ಬಗೆಗೆ ಬರೋಕ್ ಎಂದು ಹೆಸರು. ನಮ್ಮ ಕಡೆ ಕಲ್ಲಿಗೆ ಅವಸರವೆಂಬುದಿಲ್ಲ; ದೇವರಾಗಲಿ ದ್ವಾರಪಾಲಕನಾಗಲಿ, ನಿಂತರೆ ನಿಂತ ಹಾಗೆಯೇ. ಅಲ್ಲಿ ಹಾಗಲ್ಲ. ಒಬ್ಬ ಕಲ್ಲು ಎಸೆಯಲು ಸೊಂಟ ತಿರುಚಿ ತುಟಿ ಕಚ್ಚಿದ್ದಾನೆ. ಒಬ್ಬಳು ಸಂತಳಿಗೆ ದೇವರ ಅನುಭವವಾಗಿ ಮುಖ ಹಿಂದಕ್ಕೆ ವಾಲಿದೆ, ಕಣ್ಣು ಅರ್ಧ ಮುಚ್ಚಿದೆ, ತುಟಿ ಬಿಚ್ಚಿದೆ, ಬಟ್ಟೆಯ ಮಡಿಕೆಗಳೆಲ್ಲ ಅಲುಗಾಡುತ್ತಿವೆ. ಅಮೃತಶಿಲೆಗೆ ಉಸಿರು ಹತ್ತಿದೆ. ಇದನ್ನು ನೋಡಿದ ಮೇಲೆ ನನಗೆ ನಮ್ಮ ಊರಿನ ಗೋಡೆಗಳ ಫೋಟೋಗಳನ್ನು ನೋಡುವುದೇ ಹಿಂಸೆಯಾಯಿತು. ಎಲ್ಲರೂ ಮೊಣಕಾಲ ಮೇಲೆ ಕೈಯಿಟ್ಟು, ಇಂಜೆಕ್ಷನಿಗೆ ಕಾದವರ ಹಾಗೆ ಕೂತಿರುತ್ತಿದ್ದರು.

ಅದೇ ವರ್ಷ ನಮ್ಮ ಶಾಲೆಗೆ ಜಾಗ ಕೊಟ್ಟ ಹಳೆ ಪಟೇಲರ ಪ್ರತಿಮೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಪಟೇಲರು ನಾನು ಕೆಲಸಕ್ಕೆ ಸೇರುವ ಮೊದಲೇ ತೀರಿಕೊಂಡಿದ್ದರು. ಅವರ ಮಗನೇ ಶಾಲೆಯ ಆಡಳಿತ ನಡೆಸುವ ಕರೆಸ್ಪಾಂಡೆಂಟರು, ಅಂದರೆ ನನ್ನ ಏಪ್ರಿಲ್ ಮೇ ತಿಂಗಳುಗಳ ಒಡೆಯರು. ಅವರು ನನ್ನನ್ನು ಕರೆದು, "ನೋಡಿ ಮಾಸ್ಟ್ರೆ, ಚಿತ್ರ ಗೊತ್ತಿರುವವರು ನೀವು ಒಬ್ಬರೇ. ಮೇಸ್ತ್ರಿಯ ಹತ್ತಿರ ನಿಂತು ಮಾಡಿಸಿ. ಸರಿ ಬಂದರೆ ನಿಮ್ಮ ಖಾಯಂ ಆರ್ಡರಿಗೆ ಅದೇ ದಿನ ಸಹಿ ಹಾಕ್ತೇನೆ" ಎಂದರು. ಪಟೇಲರ ಒಂದೇ ಒಂದು ಫೋಟೋ ಕೊಟ್ಟರು. ಅದರಲ್ಲೂ ಅವರು ಮೊಣಕಾಲ ಮೇಲೆ ಕೈಯಿಟ್ಟೇ ಕೂತಿದ್ದರು.

ಮೇಸ್ತ್ರಿಯ ಹೆಸರು ಬಸ್ತ್ಯಾಂವ್. ಕಡಬದ ಕಡೆಯವರು. ಇಗರ್ಜಿಗಳಿಗೆ ಸಿಮೆಂಟಿನ ದೇವದೂತರನ್ನೂ ಶ್ರೀಮಂತರ ಗೇಟುಗಳಿಗೆ ಸಿಂಹಗಳನ್ನೂ ಮಾಡುವುದರಲ್ಲಿ ಹೆಸರಾದವರು. ಅವರ ಸಿಂಹಕ್ಕೂ ದೇವದೂತನಿಗೂ ಮುಖದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ, ಆದರೆ ಕೈ ಗಟ್ಟಿ. ಅವರಿಗೆ ನಾನು ನನ್ನ ಅರ್ಧ ಪುಸ್ತಕ ತೋರಿಸಿ ಪ್ರವಚನ ಕೊಟ್ಟೆ. ಪಟೇಲರು ಭೂದಾನ ಮಾಡಿದ ಆ ಒಂದು ಕ್ಷಣವನ್ನು ಹಿಡಿಯಬೇಕು. ಮುಖ ಆಕಾಶಕ್ಕೆ, ತುಟಿ ಅರ್ಧ ತೆರೆದು, ಬಲಗೈ ಮುಂದಕ್ಕೆ ಚಾಚಿ, ಒಂದು ಕಾಲು ಎತ್ತಿ ಇಡುವ ಅವಸರದಲ್ಲಿ, ಶಾಲು ಹಿಂದಕ್ಕೆ ಹಾರುತ್ತಾ ಇರಬೇಕು.

ಮೇಸ್ತ್ರಿ ಬೀಡಿ ಆರಿಸಿ ಕೇಳಿದರು, "ಅಲ್ಲ ಮಾಸ್ಟ್ರೆ, ಶಾಲು ಹಾರಬೇಕಾದರೆ ಗಾಳಿ ಬೇಕಲ್ಲ. ಗಾಳಿ ಎಲ್ಲಿಂದ ಬರುದು?"

"ಒಳಗಿನಿಂದ. ಭಾವನೆಯಿಂದ."

"ಆಯ್ತು. ಭಾವನೆಗೆ ಎರಡು ಕಬ್ಬಿಣದ ಸಲಾಕೆ ಹೆಚ್ಚು ಬೇಕಾಗ್ತದೆ" ಎಂದು ಅವರು ಕೆಲಸಕ್ಕೆ ಇಳಿದರು.

ಒಂದೂವರೆ ತಿಂಗಳು ನಾನು ಕ್ಲಾಸು ಬಿಟ್ಟ ಕೂಡಲೇ ಓಡಿ ಹೋಗಿ ಅವರ ಹಿಂದೆ ನಿಲ್ಲುತ್ತಿದ್ದೆ. ಗದ್ದವನ್ನು ಮೂರು ಸಲ ಎತ್ತಿಸಿದೆ. ತುಟಿಯನ್ನು ಸ್ವತಃ ನಾನೇ ತಿದ್ದಿದೆ. ಮುಗಿದ ದಿನ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಪುತ್ತೂರು ತಾಲೂಕಿಗೆ ಬರೋಕ್ ಬಂದಿತ್ತು, ತಂದವನು ನಾನು. ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ನಾನು ಎಲೆಯಡಿಕೆ ತಿನ್ನುವವನಲ್ಲ. ಬಸ್ತ್ಯಾಂವ್ ಮೇಸ್ತ್ರಿ ಬೀಡಿಯ ಪಕ್ಷದವರು. ಆ ಇಡೀ ಹೋಬಳಿಯಲ್ಲಿ ಅಂಥ ಇಬ್ಬರು ಒಟ್ಟಿಗೆ ಸಿಗುವುದು ಅಪರೂಪ.

ಅನಾವರಣಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಶಾಲೆಯ ಕಮಿಟಿಯವರು ನೋಡಲು ಬಂದರು. ಕರೆಸ್ಪಾಂಡೆಂಟರ ಶರ್ಟಿನ ಕಿಸೆಯಲ್ಲಿ ಮಡಚಿಟ್ಟ ನನ್ನ ಆರ್ಡರು ಕಾಣುತ್ತಿತ್ತು. ಮೇಸ್ತ್ರಿ ಪ್ರತಿಮೆಗೆ ಮುಚ್ಚಿದ್ದ ಗೋಣಿ ಎಳೆದರು. ಎಲ್ಲರೂ ಪ್ರತಿಮೆಗೆ ಒಂದು ಸುತ್ತು ಹಾಕಿದರು. ಕೊನೆಗೆ ಕಮಿಟಿಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. ಅವರ ಬಾಯಿ ತುಂಬ ಎಲೆಯಡಿಕೆ. ರಸ ಚೆಲ್ಲಬಾರದೆಂದು ಅವರು ಮುಖವನ್ನು ಆಕಾಶಕ್ಕೆ ಎತ್ತಿದರು, ಕಣ್ಣು ಅರ್ಧ ಮುಚ್ಚಿದರು, ತುಟಿ ತುಸುವೇ ಬಿಚ್ಚಿದರು, ಕೈ ಮುಂದೆ ಚಾಚಿದರು. "ಹೊಳ್ಳೆ ಹೋಲಿಹೆ ಬಂದುಂಟು" ಎಂದರು, ಒಳ್ಳೆ ಹೋಲಿಕೆ ಎಂಬರ್ಥದಲ್ಲಿ. ನಾನು ಅವರ ಮುಖ ನೋಡಿದೆ. ಪ್ರತಿಮೆಯ ಮುಖ ನೋಡಿದೆ. ಎರಡೂ ಒಂದೇ.

ಆಮೇಲೆ ಎಲ್ಲರಿಗೂ ಮಾತು ಬಂತು. ಕೈ ಚಾಚಿದ್ದು ಪೀಕದಾನಿಗೆ ಎಂದು ಒಬ್ಬರು ವಿವರಿಸಿದರು. ಶಾಲು ಹಿಂದೆ ಎಸೆದದ್ದು ಕಲೆಯಾಗಬಾರದೆಂದು, ಅದು ಒಳ್ಳೆಯ ಅಭ್ಯಾಸ ಎಂದು ಇನ್ನೊಬ್ಬರು ಮೆಚ್ಚಿದರು. ಎತ್ತಿದ ಕಾಲು ಜಗಲಿಯ ಕೊನೆಗೆ ಹೊರಟಿದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇಟಲಿಯವರ ಭಾವಾವೇಶದಲ್ಲಿ ಒಂದು ಎಳೆಯನ್ನೂ ಅವರು ವಿವರಿಸದೆ ಬಿಡಲಿಲ್ಲ.

ಕರೆಸ್ಪಾಂಡೆಂಟರ ಮುಖ ಕೆಂಪಾಗಿತ್ತು. "ಮಾಸ್ಟ್ರೆ, ನಾಡಿದ್ದು ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು ಕೈ ಮುಗಿಯುವಾಗ ನನ್ನ ಅಪ್ಪ ಉಗುಳ್ಲಿಕ್ಕೆ ಓಡುದಾ? ಒಡೆದು ತೆಗೆಯಿರಿ ಇದನ್ನು" ಎಂದರು. ಮಡಚಿದ ಆರ್ಡರನ್ನು ಬೆರಳಿನಿಂದ ಕಿಸೆಯ ಒಳಕ್ಕೆ ನೂಕಿದರು. ನನಗೆ ಅದೊಂದೇ ಕಂಡದ್ದು.

ಅಷ್ಟರಲ್ಲಿ ಪಟೇಲರ ಹೆಂಡತಿ ದೇವಕಿಯಕ್ಕ ಬಂದರು. ಗಂಟುನೋವಿನಿಂದಾಗಿ ಎಲ್ಲರಿಗಿಂತ ಹಿಂದೆ, ಮೆಲ್ಲಗೆ ನಡೆದು ಬರುತ್ತಿದ್ದವರು ಅವರು. ಪ್ರತಿಮೆಯ ಎದುರು ನಿಂತು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಮೆಲ್ಲಗೆ, "ದೇವಕಿಯಕ್ಕ, ಅದು ಬರೋಕ್..." ಎಂದು ಸುರು ಮಾಡಿದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

"ಇದು ಇವರೇ" ಎಂದರು. "ಮನೆಯಲ್ಲಿ ಆ ಫೋಟೋ ನೋಡುವಾಗ ಯಾರೋ ಬೇರೆಯವರ ಹಾಗೆ ಆಗುದು ನನಗೆ. ಇದು ಇವರೇ. ಎಂತ ಕೇಳಿದರೂ ಹೀಗೆ ಮುಖ ಮೇಲೆ ಮಾಡಿ, 'ಹೂಂ' ಅಂತ ಹೇಳಿ, ಹೊರಗೆ ಹೋಗುದು. ನಲವತ್ತು ವರ್ಷ."

ಮಗ, "ಅಮ್ಮ, ಜನ ನಗ್ತಾರೆ" ಎಂದರು.

"ನಗಲಿ ಮಗ. ಒಡೆಯುದು ಬೇಡ." ಆಮೇಲೆ ನನ್ನ ಕಡೆ ತಿರುಗಿ, "ಒಂದು ಮಾತ್ರ ತಪ್ಪಿದೆ ಮಾಸ್ಟ್ರೆ. ಇವರು ಎಲೆ ಎಡಗೆನ್ನೆಯಲ್ಲಿ ಇಡುದು. ಅಲ್ಲಿ ಸ್ವಲ್ಪ ಉಬ್ಬಬೇಕು" ಎಂದರು.

ಕಲೆಗಾಗಿ ಪ್ರಾಣ ಕೊಟ್ಟವರ ಬಗ್ಗೆ ಪುಸ್ತಕದಲ್ಲಿ ಏನಾದರೂ ಇದ್ದಿದ್ದರೆ ಅದು ಗೆದ್ದಲಿನ ಪಾಲಿನಲ್ಲಿ ಇದ್ದಿರಬೇಕು. ನಾನು ಕ್ಷಣವೂ ಯೋಚಿಸಲಿಲ್ಲ. ಕರಣೆ ತೆಗೆದುಕೊಂಡು ಏಣಿ ಹತ್ತಿ, ಒಂದು ಮುದ್ದೆ ಸಿಮೆಂಟನ್ನು ನನ್ನ ಕೈಯಾರೆ ಪಟೇಲರ ಎಡಗೆನ್ನೆಗೆ ಮೆತ್ತಿದೆ. ಕೆಳಗಿನಿಂದ ಮೇಸ್ತ್ರಿ, "ಇದಕ್ಕೆ ಇಟಲಿಯಲ್ಲಿ ಎಂತ ಹೇಳ್ತಾರೆ ಮಾಸ್ಟ್ರೆ?" ಎಂದು ಕೇಳಿದರು. ನಾನು ಕೆನ್ನೆಯನ್ನು ನುಣುಪು ಮಾಡಿದೆ. ಇಳಿದಾಗ ಕರೆಸ್ಪಾಂಡೆಂಟರು ಸ್ವಲ್ಪ ತಣ್ಣಗಾಗಿ, "ಅಪ್ಪನನ್ನು ನೋಡದೆಯೇ ಇಷ್ಟು ಸರಿ ಹೇಗೆ ಹಿಡಿದಿರಿ?" ಎಂದು ಕೇಳಿದರು. "ತುಂಬ ಅಭ್ಯಾಸ ಮಾಡಿದೆ ಸರ್" ಎಂದೆ.

ದೇವಕಿಯಕ್ಕ ಇನ್ನೊಂದು ಹೆಜ್ಜೆ ಹತ್ತಿರ ಹೋದರು. ಮುಖ ಎತ್ತಿ, ಯಾರಿಗೂ ಕೇಳಬಾರದೆಂಬಂತೆ ಗಂಡನಿಗೆ ಹೇಳಿದರು, "ಒಮ್ಮೆ ಉಗುಳಿ ಬಂದು ಮಾತಾಡಿ ಮಾರಾಯ್ರೆ."

ದೇವಕಿಯಕ್ಕನ ಕತ್ತು ಹಿಂದಕ್ಕೆ ವಾಲಿತ್ತು. ಕಣ್ಣು ಅರ್ಧ ಮುಚ್ಚಿತ್ತು. ತುಟಿ ಬಿಚ್ಚಿತ್ತು. ಗಾಳಿಗೆ ಸೀರೆಯ ಸೆರಗು ಅಲುಗಾಡುತ್ತಿತ್ತು. ಒಂದೂವರೆ ತಿಂಗಳು ಸಿಮೆಂಟಿನಲ್ಲಿ ನಾನು ಹುಡುಕಿದ ಮುಖ ಎರಡು ಮಾರು ದೂರದಲ್ಲಿ ನಿಂತಿತ್ತು. ಇದೆಲ್ಲ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿನಲ್ಲಿ, ಡ್ರಾಯಿಂಗ್ ಮಾಸ್ಟರನಾದ ನಾನು, ಕರೆಸ್ಪಾಂಡೆಂಟರು ಪೆನ್ನಿನ ಮುಚ್ಚಳ ತೆಗೆಯುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದೆ.