ನಮ್ಮ ಸಾಹೇಬರು ಜಡ್ಜಾದ ದಾರಿ

ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವಳು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ಟೇಬಲ್ಲಿಗೇ ಬಂದು ಬೀಳುತ್ತದೆ. ಯುದ್ಧ ಮುಗಿದು ಕುವೈತ್ ಮತ್ತೆ ಉಸಿರಾಡತೊಡಗಿದ ವರ್ಷಗಳಲ್ಲಿ ನಾನು ಮಂಗಳೂರಿನಿಂದ ಬಂದು ಅಂಥದ್ದೊಂದು ಆಫೀಸಿಗೆ ಸೇರಿದೆ. ಯಜಮಾನರು ಕುವೈತಿ ವಕೀಲರು. ಎಲ್ಲರೂ ಅವರನ್ನು ಮುದೀರ್, ಅಂದರೆ ಮ್ಯಾನೇಜರ್, ಎನ್ನುತ್ತಿದ್ದರು. ಇಂಗ್ಲಿಷ್ ಕರಾರುಪತ್ರಗಳನ್ನು ನೋಡಿಕೊಳ್ಳಲು ಅವರು ಲಂಡನ್ನಿನಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಅವರೇ ನಮ್ಮ ಸಾಹೇಬರು. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಬರಬೇಕಾದಷ್ಟು ಉದ್ದ, ಮಾತು ಮಾತ್ರ ಬಹಳ ಮೆತ್ತಗೆ. ನಾಲ್ಕು ವರ್ಷ ನಾನು ಅವರ ಸೆಕ್ರೆಟರಿಯಾಗಿದ್ದೆ. ಆಮೇಲೆ ಅವರು ತಮ್ಮ ದೇಶಕ್ಕೆ ಹಿಂದಿರುಗಿ, ಒಂದೊಂದೇ ಮೆಟ್ಟಿಲು ಹತ್ತಿ, ಅಲ್ಲಿನ ದೊಡ್ಡ ಕೋರ್ಟಿನಲ್ಲಿ ನ್ಯಾಯಾಧೀಶರಾದರು. ಅವರು ಅಲ್ಲಿ ಒಂದು ಮೆಟ್ಟಿಲು ಹತ್ತಿದರೆ ಇಲ್ಲಿ ನಮಗೆ ಏನಾದರೊಂದು ಆಗುತ್ತಿತ್ತು.

ಬಾರ್‌ಗೆ ಕರೆ

ಸಾಹೇಬರು ಬಂದ ಹೊಸದರಲ್ಲಿ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮಾಡಿಸಲಿಕ್ಕೆ ಅವರ ಓದು, ಅನುಭವದ ಕಾಗದಗಳನ್ನೆಲ್ಲ ಅರಬ್ಬಿಗೆ ತರ್ಜುಮೆ ಮಾಡಿಸಬೇಕಾಯಿತು. ಅವರ ದೇಶದಲ್ಲಿ ಒಬ್ಬ ವಕೀಲನಾದ ಎನ್ನುವುದಕ್ಕೆ 'ಅವನನ್ನು ಬಾರ್‌ಗೆ ಕರೆದರು' ಎಂದು ಹೇಳುವ ಪದ್ಧತಿ. ಕಾಗದದ ಮೊದಲ ಸಾಲೇ ಅದು. ನಮ್ಮ ತರ್ಜುಮೆಯವರು ಶಬ್ದಕೋಶ ನೋಡಿ, ಅಕ್ಷರ ಬಿಡದೆ, 'ಇವರನ್ನು ಹೆಂಡದಂಗಡಿಗೆ ಕರೆಯಲಾಯಿತು' ಎಂದು ಬರೆದುಬಿಟ್ಟರು. ಕುವೈತಿನಲ್ಲಿ ಹೆಂಡ ನಿಷೇಧ. ಯಾರೂ ಓದಿ ನೋಡದೆ ಸೀಲು ಒತ್ತಿ ಕಳಿಸಿದೆವು.

ಸಾಹೇಬರನ್ನು ಕರೆದುಕೊಂಡು ನಾನು ಇಕಾಮಾ ಕಚೇರಿಗೆ ಹೋದಾಗ ಕೌಂಟರಿನಲ್ಲಿ ಕುಳಿತಿದ್ದ ವಯಸ್ಸಾದ ಅಧಿಕಾರಿ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ನನಗೆ ಆಗ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. ಮಧ್ಯೆ ನಿಂತು ಮಾತು ದಾಟಿಸುವ ಕೆಲಸ ನನ್ನದು.

"ಇವರನ್ನು ಕರೆದದ್ದು ಯಾರು?"

"ಹಿರಿಯ ವಕೀಲರೆಲ್ಲ ಸೇರಿ ಕರೆದರು," ಎಂದರು ಸಾಹೇಬರು. "ಕರೆಯುವ ಮೊದಲು ಅವರ ಜೊತೆ ಹನ್ನೆರಡು ಸಲ ರಾತ್ರಿಯೂಟ ಮಾಡಬೇಕು. ಅದು ನಿಯಮ."

"ಹನ್ನೆರಡು ಸಲವೂ ಹೋದರೇ?"

"ಒಂದೂ ತಪ್ಪಿಸಲಿಲ್ಲ."

"ಈಗ ಬಿಟ್ಟಿದ್ದಾರೆಯೇ?"

ಸಾಹೇಬರು ಎದೆ ನೆಟ್ಟಗೆ ಮಾಡಿಕೊಂಡು, "ಬಿಡುವ ಪ್ರಶ್ನೆಯೇ ಇಲ್ಲ. ಒಮ್ಮೆ ಕರೆದರೆ ಜೀವನಪೂರ್ತಿ," ಎಂದರು.

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಸೀಲು ಎತ್ತಿ ಟಪ್ಪೆಂದು ಒತ್ತಿ, ನನ್ನ ಕಡೆ ಬಗ್ಗಿ ಹೇಳಿದರು: "ಪಾಪ, ಸುಳ್ಳು ಹೇಳದ ಮನುಷ್ಯ. ನಮ್ಮಲ್ಲಿ ನಾಲ್ಕು ವರ್ಷ ಇರಲಿ, ಗುಣವಾಗುತ್ತಾರೆ."

ರೇಷ್ಮೆ

ಸಾಹೇಬರು ಲಂಡನ್ನಿಗೆ ಹೋಗಿ ಕೆಲವು ವರ್ಷಗಳಾದ ಮೇಲೆ ಮುದೀರರ ಹೆಸರಿಗೆ ಒಂದು ಫ್ಯಾಕ್ಸ್ ಬಂತು. ಎರಡೇ ಸಾಲು. ಎಲ್ಲರೂ ಕ್ಷೇಮ, ನಾನು ಸಿಲ್ಕ್ ತೆಗೆದುಕೊಂಡೆ ಅಂತ.

ಅಲ್ಲಿ ಹಿರಿಯ ವಕೀಲರೆಂದು ಆರಿಸಿದವರಿಗೆ ರೇಷ್ಮೆಯ ನಿಲುವಂಗಿ ತೊಡುವ ಹಕ್ಕು ಬರುತ್ತದೆ, ಅದಕ್ಕೆ ಹಾಗೆ ಹೇಳುವುದು. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಫೀಸಿನ ಡ್ರೈವರ್ ಕಾಕ ಬಂಟ್ವಾಳ ಕಡೆಯ ಬ್ಯಾರಿ. ಅವರ ಮನೆಯವರೆಲ್ಲ ಜವಳಿ ವ್ಯಾಪಾರದವರು. ಸುದ್ದಿ ಕೇಳಿ ಅವರಿಗೆ ಸಂತೋಷವಾಯಿತು. "ವಕೀಲಿ ಬಿಟ್ಟು ಬಟ್ಟೆಗೆ ಇಳಿದ್ರಾ? ಒಳ್ಳೇದಾಯ್ತು ಮೇಡಂ. ಯಾರೋ ನಮ್ಮವರೇ ಬುದ್ಧಿ ಹೇಳಿರ್ಬೇಕು."

ಮುದೀರ್ ನನ್ನನ್ನು ಕೂರಿಸಿಕೊಂಡು ಉತ್ತರ ಬರೆಸಿದರು: ನಿಮ್ಮ ಹೊಸ ವ್ಯಾಪಾರ ಬೆಳೆಯಲಿ, ಶುವೈಖ್‌ನಲ್ಲಿ ನನ್ನ ತಮ್ಮನ ಗೋದಾಮು ಖಾಲಿ ಇದೆ, ಮಾಲು ಕಳಿಸುವುದಿದ್ದರೆ ಧಾರಾಳವಾಗಿ ಬಳಸಿಕೊಳ್ಳಿ.

ಮರುದಿನವೇ ಉತ್ತರ ಬಂತು. ಗೋದಾಮಿಗೆ ತುಂಬ ಧನ್ಯವಾದ, ಆದರೆ ಬೇಕಾಗಲಿಕ್ಕಿಲ್ಲ, ನನ್ನ ಹತ್ತಿರ ಇರುವುದು ಒಂದೇ ಒಂದು ನಿಲುವಂಗಿ.

ಅದನ್ನು ಓದಿ ಹೇಳಿದಾಗ ಕಾಕನ ಮುಖ ಬಾಡಿತು. "ಒಂದೇ ಪೀಸ್ ಇಟ್ಕೊಂಡು ಎಂಥ ವ್ಯಾಪಾರ ಮೇಡಂ? ಗಿರಾಕಿ ಎರಡನೇ ಕಲರ್ ಕೇಳುದಿಲ್ವಾ?"

ಸರ್ ಮತ್ತು ಮಿಸ್ಟರ್

ಸಾಹೇಬರು ಹೈಕೋರ್ಟ್ ಜಡ್ಜ್ ಆದರು. ಆ ಕೆಲಸಕ್ಕೆ ಬಂದವರಿಗೆ ಅಲ್ಲಿನ ರಾಣಿ 'ಸರ್' ಎಂಬ ಬಿರುದು ಕೊಡುತ್ತಿದ್ದರು. ಮುದೀರ್ ಆಫೀಸಿಗೆಲ್ಲ ಖರ್ಜೂರ ಹಂಚಿದರು. ಮುಂದಿನ ವಾರ ಯಾರೋ ಒಂದು ಇಂಗ್ಲಿಷ್ ಪತ್ರಿಕೆ ತಂದರು. ಅದರಲ್ಲಿ ಕೋರ್ಟಿನ ಸುದ್ದಿಯಲ್ಲಿ ಸಾಹೇಬರ ಹೆಸರಿನ ಮುಂದೆ 'ಮಿಸ್ಟರ್ ಜಸ್ಟಿಸ್' ಎಂದಿತ್ತು.

ಮುದೀರ್ ಗಾಬರಿಯಿಂದ ನನ್ನನ್ನು ಕರೆದರು. "ಹೋದ ವಾರ ಸರ್ ಮಾಡಿದರು. ಈ ವಾರ ಮಿಸ್ಟರ್‌ಗೆ ಇಳಿಸಿದ್ದಾರೆ. ಏಳು ದಿನದಲ್ಲಿ ಅಂಥದ್ದೇನು ಮಾಡಿದರು?"

ನಾನು ಲಂಡನ್ನಿಗೆ ಫೋನ್ ಮಾಡಿ ಕೇಳಿದೆ. ಸಾಹೇಬರು ತಾಳ್ಮೆಯಿಂದ ವಿವರಿಸಿದರು: ಕೋರ್ಟಿನ ಹೊರಗೆ ಸರ್, ತೀರ್ಪಿನ ಕಾಗದದ ಮೇಲೆ ಮಿಸ್ಟರ್ ಜಸ್ಟಿಸ್, ಪೀಠದಲ್ಲಿ ಕುಳಿತಾಗ ಎದುರಿನವರು ಮೈ ಲಾರ್ಡ್ ಎನ್ನಬೇಕು.

ಮುದೀರ್ ಯೋಚಿಸಿ, ಅಭಿನಂದನೆಯ ಲಕೋಟೆಯ ಮೇಲೆ ಮೂರನ್ನೂ ಬರೆಸಿದರು. "ಮೂವರಲ್ಲಿ ಒಬ್ಬರಾದರೂ ಮನೆಯಲ್ಲಿರುತ್ತಾರೆ," ಎಂದರು.

ನಡತೆಯ ಪ್ರಶ್ನೆ

ಇದು ಅವರು ಜಡ್ಜ್ ಆಗುವುದಕ್ಕೆ ಸ್ವಲ್ಪ ಮೊದಲು ನಡೆದದ್ದು. ಈಗಲೂ ನೆನಪಾದರೆ ಬೆವರೂ ನಗುವೂ ಒಟ್ಟಿಗೇ ಬರುವುದರಿಂದ ಕೊನೆಗೆ ಇಟ್ಟುಕೊಂಡಿದ್ದೇನೆ.

ಒಂದು ದಿನ ಲಂಡನ್ನಿನಿಂದ ನನ್ನ ಹೆಸರಿಗೇ ಒಂದು ದಪ್ಪ ಲಕೋಟೆ ಬಂತು. ಸಾಹೇಬರು ಹೈಕೋರ್ಟ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಿದ್ದರು. ತಮ್ಮ ನಡತೆ ಬಲ್ಲವರೆಂದು ಕೊಟ್ಟ ಹೆಸರುಗಳಲ್ಲಿ ನನ್ನದೂ ಇತ್ತು. ಸಂಜೆ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ತುಂಬಿಸತೊಡಗಿದೆ. ಪ್ರಾಮಾಣಿಕರೇ? ಹೌದು. ತಾಳ್ಮೆ ಇದೆಯೇ? ಬೇಕಾದಷ್ಟಿದೆ. ಕೊನೆಯ ಪ್ರಶ್ನೆಗೆ ಬಂದು ಪೆನ್ನು ನಿಂತಿತು. ನ್ಯಾಯಪೀಠಕ್ಕೆ ಮುಜುಗರ ತರುವಂಥ ಘಟನೆ ಅರ್ಜಿದಾರರ ಜೀವನದಲ್ಲಿ ನಡೆದದ್ದು ನಿಮಗೆ ಗೊತ್ತೇ? ಗೊತ್ತಿದ್ದರೆ ವಿವರಿಸಿ.

ನನಗೆ ಗೊತ್ತಿತ್ತು.

ಸಾಹೇಬರು ಕುವೈತಿನಲ್ಲಿದ್ದಾಗ ನಮ್ಮ ಕಕ್ಷಿದಾರರೊಬ್ಬರ ತಂದೆ ತೀರಿಕೊಂಡಿದ್ದರು. ಸಂತಾಪ ಹೇಳಲು ಸಾಹೇಬರು ಹೋಗಬೇಕಿತ್ತು. ಸಾವಿನ ಮನೆಯಲ್ಲಿ ಹೇಳುವ 'ಅಝಮಲ್ಲಾ ಅಜ್ರಕ್' ಎಂಬ ಮಾತನ್ನು, ಅಂದರೆ ಈ ದುಃಖ ಸಹಿಸಿದ್ದಕ್ಕೆ ದೇವರು ನಿಮಗೆ ದೊಡ್ಡ ಪ್ರತಿಫಲ ಕೊಡಲಿ ಎಂಬುದನ್ನು, ನಾನೇ ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿಸಿದ್ದೆ. ಕಾಕ ಕಾರಿನಲ್ಲಿ ಕರೆದೊಯ್ದರು. ಆ ಬೀದಿಯಲ್ಲಿ ಎದುರುಬದುರಿಗೆ ಎರಡು ಮನೆಗಳ ಮುಂದೆ ಡೇರೆ ಹಾಕಿತ್ತು. ಒಂದು ಸಾವಿನ ಮನೆ, ಇನ್ನೊಂದು ಮದುವೆ ಮನೆ. ಇನ್ನೂ ಬೆಳಕಿದ್ದುದರಿಂದ ಮದುವೆ ಮನೆಯ ದೀಪ ಹಚ್ಚಿರಲಿಲ್ಲ. ಕಾಕ ಹೆಚ್ಚು ಕಾರು ನಿಂತ ಕಡೆ ನಿಲ್ಲಿಸಿದರು.

ಸಾಹೇಬರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಸಾಲಾಗಿ ನಿಂತವರಲ್ಲಿ ಮೊದಲನೆಯವನೇ ಮದುಮಗ. ಅವನ ಎರಡೂ ಕೈ ಹಿಡಿದು "ಅಝಮಲ್ಲಾ ಅಜ್ರಕ್" ಎಂದರು. ಹುಡುಗ ಬೆಚ್ಚಿದ. ದುಃಖ ತಡೆಯಲಾಗುತ್ತಿಲ್ಲವೆಂದುಕೊಂಡು ಸಾಹೇಬರು ಅವನ ಭುಜ ಒತ್ತಿ, "ಧೈರ್ಯ ತಂದುಕೊಳ್ಳಿ. ಮೊದಲ ವರ್ಷ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ," ಎಂದು ಇಂಗ್ಲಿಷಿನಲ್ಲೂ ಹೇಳಿದರು. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಅವನ ತಂದೆಗೆ, ಮಾವಂದಿರಿಗೆ, ಹೀಗೆ ಹನ್ನೊಂದು ಜನರಿಗೆ ಸಂತಾಪ ಹೇಳಿ ಮುಗಿಸಿದರು. ಸಾಲಿನ ಕೊನೆಯಲ್ಲಿ ಕುಳಿತಿದ್ದ ಅಜ್ಜ, "ಇವರಿಗೆ ಮದುವೆಯಾಗಿದೆಯೋ ಕೇಳು," ಎಂದರು. ಮದುಮಗ ಕೇಳಿ, ಇಪ್ಪತ್ತು ವರ್ಷವಾಯಿತಂತೆ ಎಂದ. "ಹಾಗಾದರೆ ಬಿಡು, ತಿಳಿದೇ ಹೇಳಿದ್ದಾರೆ," ಎಂದ ಅಜ್ಜ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿಸಿಯೇ ಕಳಿಸಿದರು. ಒಳಗೆ ಕರೆದು ಕಾಕನಿಗೂ ಬಡಿಸಿದರು. ನನಗೆ ಇಷ್ಟನ್ನೂ ಹೇಳಿದ್ದು ಕಾಕ.

ಇದನ್ನು ಬರೆಯುವುದೋ ಬಿಡುವುದೋ? "ಬರೆಯಬೇಡ, ಪಾಪ ಅವರ ಕೆಲಸ ಹೋದೀತು," ಎಂದರು ನನ್ನ ಗಂಡ. ಆದರೆ ಕೆಳಗೆ, ಎಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ ಎಂದಿತ್ತು. ಅದರ ಮೇಲೆ ಸುಳ್ಳು ಸಹಿ ಹಾಕಿ ಭಾನುವಾರ ಇಗರ್ಜಿಗೆ ಯಾವ ಮುಖದಲ್ಲಿ ಹೋಗಲಿ? ಒಂದೂವರೆ ಪುಟ ಬರೆದೆ. ಚೀಟಿ ಬರೆದುಕೊಟ್ಟವಳು ನಾನು, ತಪ್ಪು ಮನೆಯ ಮುಂದೆ ಕಾರು ನಿಲ್ಲಿಸಿದವರು ಕಾಕ ಎಂದೂ ಸೇರಿಸಿದೆ. ಅಂಚೆಗೆ ಹಾಕಿದ ಮೇಲೆ ಎರಡು ತಿಂಗಳು ಫೋನ್ ಬಡಿದಾಗಲೆಲ್ಲ ಲಂಡನ್ನಿನದೇ ಇರಬೇಕೆಂದು ಓಡಿಹೋಗಿ ಎತ್ತುತ್ತಿದ್ದೆ.

ಕೊನೆಗೆ ಸಾಹೇಬರೇ ಫೋನ್ ಮಾಡಿದರು. ಕೆಲಸ ಸಿಕ್ಕಿತ್ತು. ಸಂದರ್ಶನದಲ್ಲಿ ಐವರು ಕುಳಿತಿದ್ದರಂತೆ. ಕಾನೂನಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಮಧ್ಯದಲ್ಲಿದ್ದ ಹಿರಿಯ ಹೆಂಗಸು ನನ್ನ ಒಂದೂವರೆ ಪುಟವನ್ನು ಕೈಗೆತ್ತಿಕೊಂಡು ಪೂರ್ತಿ ಓದಿದರಂತೆ. ಆಮೇಲೆ ಕೇಳಿದರಂತೆ, "ಆ ಮದುಮಗನ ವಿಷಯದಲ್ಲಿ ನೀವು ಕೊಟ್ಟ ತೀರ್ಪು ತಪ್ಪೆಂದು ಒಪ್ಪುತ್ತೀರಾ?"

"ನೀವೇನು ಹೇಳಿದಿರಿ ಸರ್?" ಎಂದೆ ನಾನು.

"ಅವನು ಇವತ್ತಿನವರೆಗೂ ಅಪೀಲು ಹಾಕಿಲ್ಲ ಎಂದೆ."